ಗೋಸುಂಬೆ ಹಗಲಲ್ಲಿ ಕಣ್ಣು ಮುಚ್ಚಿದರೆ ಏನೇನು ನೋಡಬೇಕು

ಸಾಕಿದ ಗೋಸುಂಬೆ ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂತಿದೆ ಅಂದರೆ ಏನೋ ಸರಿ ಇಲ್ಲ. ನಾಯಿ ಬೆಕ್ಕಿನ ಹಾಗೆ ಇದು ಮಧ್ಯಾಹ್ನ ತೂಕಡಿಸುವ ಪ್ರಾಣಿ ಅಲ್ಲ. ಬೆಳಕು ಇರುವಷ್ಟು ಹೊತ್ತೂ ಒಂದು ಕಣ್ಣು ಮೇಲೆ, ಇನ್ನೊಂದು ಹಿಂದೆ ಅಂತ ತಿರುಗುತ್ತಲೇ ಇರಬೇಕು. "ಪಾಪ, ನಿದ್ದೆ ಬಂದಿರಬೇಕು" ಅಂತ ಬಿಟ್ಟರೆ ಎರಡು ಮೂರು ದಿನದಲ್ಲಿ ಊಟ ನಿಲ್ಲುತ್ತದೆ, ಯಾಕೆಂದರೆ ಇದರ ಬೇಟೆ ಪೂರ್ತಿ ಕಣ್ಣಿನ ಮೇಲೆ ನಿಂತಿದೆ. ಕಣ್ಣು ಕಾಣದಿದ್ದರೆ ಹುಳು ಮೂಗಿನ ಮುಂದೆ ಹರಿದಾಡಿದರೂ ನಾಲಿಗೆ ಚಾಚುವುದಿಲ್ಲ.

ನಮ್ಮ ಮನೆ ಚಿಕ್ಕಮಗಳೂರಿನಲ್ಲಿ. ಮೂರು ವರ್ಷದಿಂದ ಒಂದು ವೇಲ್ಡ್ ಗೋಸುಂಬೆ ಸಾಕುತ್ತಿದ್ದೇನೆ. ಯೆಮನ್, ಸೌದಿ ಅರೇಬಿಯಾ ಕಡೆಯ ಜಾತಿ, ತಲೆಯ ಮೇಲೆ ಕಿರೀಟದ ಹಾಗೆ ಎತ್ತರದ ಏಣು ಇರುತ್ತದೆ. ಗಂಡು, ತೂಕ ನೂರಿಪ್ಪತ್ತು ಗ್ರಾಂ, ಹೆಸರು ಚಿಗುರ. ಇವನಿಗೆ ಎರಡು ಸಲ ಕಣ್ಣಿನ ತೊಂದರೆ ಆಯಿತು. ಎರಡು ಸಲವೂ ಕಣ್ಣು ಮುಚ್ಚಿದ್ದು ಒಂದೇ ಥರ ಕಾಣುತ್ತಿತ್ತು. ಹಾಸನದಲ್ಲಿ ಇದೇ ಜಾತಿ ಸಾಕಿರುವ ಗೆಳೆಯನಿಗೆ ಫೋನ್ ಮಾಡಿದರೆ ಎರಡು ಸಲವೂ ಒಂದೇ ಮಾತು: "ವಿಟಮಿನ್ ಎ ಕಮ್ಮಿ ಆಗಿದೆ ಮಾರಾಯ, ಎರಡು ಹನಿ ಹಾಕು." ಮೊದಲ ಸಲ ಆ ಮಾತು ತಪ್ಪಾಗಿತ್ತು, ಎರಡನೇ ಸಲ ಸರಿಯಾಗಿತ್ತು. ಆದರೆ ಎರಡು ಸಲವೂ ಸುಮ್ನೆ ಹನಿ ಹಾಕಿದ್ದರೆ ಚಿಗುರ ಉಳಿಯುತ್ತಿರಲಿಲ್ಲ ಅಂತ ಈಗ ನನಗೆ ಗೊತ್ತು. ಅದಕ್ಕೇ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಕಾನೂನಿನ ವಿಷಯ. ನಮ್ಮ ಬಯಲುಸೀಮೆಯ ಬೇಲಿ, ಜಾಲಿ ಗಿಡಗಳಲ್ಲಿ ಕಾಣುವ ಗೋಸುಂಬೆಯನ್ನು ಹಿಡಿದು ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಕಣ್ಣಿಗೆ ಪೆಟ್ಟಾದದ್ದು ರಸ್ತೆಯಲ್ಲಿ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಿ, ಮನೆಯಲ್ಲಿ ಪ್ರಯೋಗ ಬೇಡ. ಇಂಥ ಹೊರದೇಶದ ಜಾತಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, 2024ರಲ್ಲಿ ಅದಕ್ಕೆ ನಿಯಮವೇ ಬಂದಿದೆ. ಕಾಗದ ಸರಿ ಇದ್ದರೆ ಡಾಕ್ಟರ ಹತ್ತಿರ ಹೋಗಲೂ ಧೈರ್ಯ ಇರುತ್ತದೆ. ಹೆದರಿಕೊಂಡು ಪ್ರಾಣಿಯನ್ನು ಮನೆಯಲ್ಲೇ ಬಚ್ಚಿಟ್ಟು ಕಳೆದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಒಂದು ಕಣ್ಣೋ, ಎರಡೂ ಕಣ್ಣೋ

ಮೊದಲ ಪ್ರಶ್ನೆ ಇದೇ. ಒಂದೇ ಕಣ್ಣು ಮುಚ್ಚಿದ್ದರೆ ಹೆಚ್ಚಾಗಿ ಆ ಕಣ್ಣಿಗೇ ಏನೋ ಆಗಿದೆ: ಕಸ ಬಿದ್ದಿದೆ, ಪೊರೆಯ ಚೂರು ಅಂಟಿದೆ, ಕೊಂಬೆ ಚುಚ್ಚಿದೆ, ಊಟಕ್ಕೆ ಬಿಟ್ಟ ಕ್ರಿಕೆಟ್ ಹುಳು (ಮಿಡತೆಯಂಥ ಹುಳು) ರಾತ್ರಿ ಗೂಡಿನಲ್ಲಿ ಉಳಿದು ಕಚ್ಚಿದೆ, ಅಥವಾ ಸೋಂಕು ಶುರುವಾಗಿದೆ. ಎರಡೂ ಮುಚ್ಚಿದ್ದರೆ ಕಾರಣ ಇಡೀ ದೇಹದ್ದು ಅಥವಾ ಇಡೀ ಗೂಡಿನದ್ದು. ನೀರು ಸಾಲದು, ಬೆಳಕು ಜಾಸ್ತಿ, ವಿಟಮಿನ್ ಕೊರತೆ, ಒಳಗೆ ಬೇರೆ ಯಾವುದೋ ಕಾಯಿಲೆ. ಇದು ಕಲ್ಲಿನಲ್ಲಿ ಕೆತ್ತಿದ ನಿಯಮವೇನೂ ಅಲ್ಲ. ವಿಟಮಿನ್ ಕೊರತೆಯೂ ಒಂದು ಕಣ್ಣಿನಲ್ಲಿ ಮೊದಲು ಕಾಣಿಸಬಹುದು, ಚಿಗುರನಿಗೆ ಆದದ್ದು ಹಾಗೆಯೇ. ಆದರೂ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕಾಯಿಲೆ ಅಲ್ಲದ್ದನ್ನೂ ಗುರುತು ಹಿಡಿಯಲು ಕಲಿಯಬೇಕು. ಗೋಸುಂಬೆಯ ರೆಪ್ಪೆ ನಮ್ಮ ಹಾಗೆ ಎರಡು ಭಾಗ ಅಲ್ಲ. ಒಂದೇ ಚರ್ಮ ಶಂಕುವಿನ ಹಾಗೆ ಕಣ್ಣನ್ನು ಸುತ್ತಿಕೊಂಡಿರುತ್ತದೆ, ತುದಿಯಲ್ಲಿ ಪಾಪೆಯಷ್ಟೇ ತೂತು. ಕಣ್ಣು ತೊಳೆದುಕೊಳ್ಳಬೇಕು ಅನ್ನಿಸಿದಾಗ ಅದು ಆ ಶಂಕುವನ್ನೇ ದುಪ್ಪಟ್ಟು ಉಬ್ಬಿಸಿ, ಒಳಗೆ ಗುಡ್ಡೆಯನ್ನು ಗಿರ್ರನೆ ತಿರುಗಿಸಿ, ಕೆಲವೊಮ್ಮೆ ಕೊಂಬೆಗೆ ಉಜ್ಜುತ್ತದೆ. ಮೊದಲ ಸಲ ನೋಡಿದವರಿಗೆ ಕಣ್ಣು ಸಿಡಿದೇ ಹೋಗುತ್ತದೇನೋ ಅನ್ನಿಸುತ್ತದೆ. ನೀರು ಸಿಂಪಡಿಸಿದಾಗ ಹೀಗೆ ಮಾಡಿ ಎರಡು ನಿಮಿಷದಲ್ಲಿ ಸರಿಯಾದರೆ ಅದು ಸ್ನಾನ ಅಷ್ಟೆ. ಊತ ಇಳಿಯದೆ ಗಂಟೆಗಟ್ಟಲೆ ನಿಂತರೆ, ಅಥವಾ ದಿನಕ್ಕೆ ಹತ್ತು ಸಲ ಉಜ್ಜುತ್ತಿದ್ದರೆ ತೊಂದರೆ.

ನೀರು

ಕಣ್ಣು ಒಳಗೆ ಗುಳಿ ಬಿದ್ದಿದ್ದರೆ ನೀರಿನ ಕೊರತೆ ಅಂತ ತಿಳಿಯಿರಿ. ಹಿಕ್ಕೆ ನೋಡಿ. ಅದರ ಜೊತೆ ಬೀಳುವ ಗಟ್ಟಿ ಮೂತ್ರದ ಭಾಗ ಬೆಳ್ಳಗಿದ್ದರೆ ಸರಿ, ತುದಿಯಲ್ಲಿ ಸ್ವಲ್ಪ ಹಳದಿ ಇದ್ದರೂ ಪರವಾಗಿಲ್ಲ, ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲುತ್ತಿಲ್ಲ. ಮಲೆನಾಡಿನ ಮಗ್ಗುಲಲ್ಲೇ ಇದ್ದೇವೆ, ಗಾಳಿಯಲ್ಲೇ ತೇವ ಇದೆ, ನೀರಿನ ಕೊರತೆ ಎಲ್ಲಿಂದ ಬಂತು ಅಂತ ನಾನೂ ಅಂದುಕೊಂಡಿದ್ದೆ. ಗಾಳಿಯ ತೇವ ಬೇರೆ, ಕುಡಿಯುವ ನೀರು ಬೇರೆ. ಗೋಸುಂಬೆ ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಎಲೆಯ ಮೇಲಿನ ಹನಿ ನೆಕ್ಕುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ನಮ್ಮಲ್ಲೂ ಗಾಳಿ ಒಣಗಿರುತ್ತದೆ, ಆಗ ಬೆಳಿಗ್ಗೆ ಸಂಜೆ ಎರಡೆರಡು ನಿಮಿಷ ಸಿಂಪಡಿಸಬೇಕು, ಹಗಲಲ್ಲಿ ಹನಿ ಬೀಳುವ ಡ್ರಿಪ್ಪರ್ ಕೂಡ ಇಡಬೇಕು.

ಗುಳಿ ಬಿದ್ದ ಕಣ್ಣಿಗೆ ಮೊದಲ ಚಿಕಿತ್ಸೆ ಸ್ನಾನ. ಬಚ್ಚಲಲ್ಲಿ ದಾಸವಾಳದ ಕುಂಡ ಇಟ್ಟು, ಅದರ ಮೇಲೆ ಗೋಸುಂಬೆ ಬಿಟ್ಟು, ಶವರ್ ಅನ್ನು ಗೋಡೆಗೆ ಹಿಡಿದು, ಗೋಡೆಯಿಂದ ಸಿಡಿದ ನೀರು ಮಾತ್ರ ಗಿಡಕ್ಕೆ ಬೀಳುವ ಹಾಗೆ ಇಪ್ಪತ್ತು ನಿಮಿಷ ಬಿಡಿ. ನೀರು ಕೈಗೆ ಬಿಸಿಯೂ ತಣ್ಣಗೂ ಅನ್ನಿಸಬಾರದು. ನೇರ ಮೈಮೇಲೆ ಸುರಿಯಬೇಡಿ. ಪಕ್ಕದಲ್ಲೇ ಇರಿ, ಬಿಟ್ಟು ಹೋಗಬೇಡಿ. ಕಣ್ಣಿನಲ್ಲಿ ಕಸ ಬಿದ್ದಿದ್ದರೂ ಎಷ್ಟೋ ಸಲ ಇದರಲ್ಲೇ ತೊಳೆದು ಹೋಗುತ್ತದೆ.

ಬೆಳಕು: ಚಿಗುರನ ಮೊದಲ ಕಾಯಿಲೆ

ಕಳೆದ ವರ್ಷ ಏಪ್ರಿಲ್‌ನಲ್ಲಿ ಎರಡೂ ಕಣ್ಣು ಮುಚ್ಚಿಕೊಂಡ. ಸ್ವಲ್ಪ ಊತ, ಕೀವು ಇಲ್ಲ, ಹಿಕ್ಕೆ ಬೆಳ್ಳಗೇ ಇದೆ. ಗೆಳೆಯ ಹೇಳಿದ ಎರಡು ಹನಿ ತರಲು ಮೆಡಿಕಲ್ ಶಾಪಿಗೆ ಹೊರಟಿದ್ದೆ. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದಲೇ ಹೇಳಿದರು: "ಸಂಜೆ ಲೈಟ್ ಆರಿಸಿದ ಮೇಲೆ ಕಣ್ಣು ಬಿಡ್ತಾನೆ ನೋಡು. ಬೆಳಿಗ್ಗೆ ಲೈಟ್ ಹಾಕಿದ ಕೂಡಲೇ ಮುಚ್ತಾನೆ. ಉರೀತಿರಬೇಕು."

ಅಮ್ಮ ಹೇಳಿದ ಮೇಲೆ ಗೂಡನ್ನು ಸರಿಯಾಗಿ ನೋಡಿದೆ. ಹತ್ತು ದಿನದ ಹಿಂದೆ ಯುವಿ ಟ್ಯೂಬ್ (ಬಿಸಿಲಿನ ಅತಿನೇರಳೆ ಕಿರಣದ ಬದಲಿಗೆ ಗೂಡಿಗೆ ಹಾಕುವ ದೀಪ) ಬದಲಾಯಿಸಿದ್ದೆ. ವರ್ಷಕ್ಕೊಂದು ಸಲ ಬದಲಾಯಿಸಬೇಕು, ಯಾಕೆಂದರೆ ಕಣ್ಣಿಗೆ ಕಾಣುವ ಬೆಳಕು ಹಾಗೇ ಇದ್ದರೂ ಅದರಲ್ಲಿನ ಯುವಿ ಬರಬರುತ್ತಾ ಕಮ್ಮಿ ಆಗುತ್ತದೆ. ಹೊಸ ಟ್ಯೂಬ್ ಅಂದರೆ ಹಳೆಯದಕ್ಕಿಂತ ಯುವಿ ಜಾಸ್ತಿ. ಅದರ ಜೊತೆಗೆ ಮನಿಪ್ಲಾಂಟ್ ಬಳ್ಳಿ ಬೆಳೆದು ಗೂಡಿನ ಮೇಲಿನ ಜಾಲರಿ ಮುಟ್ಟಿತ್ತು. ಅವನು ಕೂರಬೇಕಾದ ಕೊಂಬೆ ಟ್ಯೂಬಿನಿಂದ ಇಪ್ಪತ್ತೆರಡು ಸೆಂಟಿಮೀಟರ್ ಕೆಳಗಿದೆ. ಅವನು ಕೂರುತ್ತಿದ್ದದ್ದು ಬಳ್ಳಿ ಹತ್ತಿ ಜಾಲರಿಗೆ ತಲೆ ತಾಗಿಸಿಕೊಂಡು, ಟ್ಯೂಬಿಗೆ ಒಂದು ಗೇಣೂ ದೂರ ಇಲ್ಲದೆ. ಬೆಸುಗೆ ಹಾಕುವವರಿಗೆ ಕನ್ನಡಕ ಇಲ್ಲದಿದ್ದರೆ ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿಯುತ್ತದಲ್ಲ, ಅದೇ ಇವನಿಗೂ ಆಗಿತ್ತು.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಯುವಿ ಟ್ಯೂಬ್ ಒಂದೆರಡು ದಿನ ಆರಿಸಿ. ಶಾಖದ ಬಲ್ಬ್ ಇರಲಿ, ಕಿಟಕಿಯ ಬೆಳಕೂ ಇರಲಿ. ಎರಡು ದಿನ ಯುವಿ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಕಣ್ಣು ಬಿಡಲು ಶುರು ಮಾಡಿದರೆ ಕಾರಣ ಸಿಕ್ಕಿತು. ನಾನು ಬಳ್ಳಿ ಕತ್ತರಿಸಿ, ಟ್ಯೂಬನ್ನು ಜಾಲರಿಯಿಂದ ಎತ್ತರಕ್ಕೆ ಏರಿಸಿದೆ. ನಾಲ್ಕನೇ ದಿನ ಅವನು ಮೊದಲಿನ ಹಾಗೆ ನನ್ನನ್ನು ಒಂದು ಕಣ್ಣಲ್ಲಿ, ಬಾಗಿಲನ್ನು ಇನ್ನೊಂದರಲ್ಲಿ ನೋಡುತ್ತಿದ್ದ. ಒಂದು ಹನಿ ಔಷಧವೂ ಬೇಕಾಗಲಿಲ್ಲ.

ವೇಲ್ಡ್ ಜಾತಿಗೆ ಕೂರುವ ಕೊಂಬೆಯ ಹತ್ತಿರ ಯುವಿ ಸೂಚ್ಯಂಕ 3ರ ಆಸುಪಾಸು ಇರಬೇಕು. ಅಳೆಯುವ ಮೀಟರ್ ದುಬಾರಿ, ಗೊತ್ತಿದ್ದವರ ಹತ್ತಿರ ಇದ್ದರೆ ಒಂದು ದಿನಕ್ಕೆ ಕೇಳಿ ತಂದು ನೋಡಿ. ಸುರುಳಿ ಆಕಾರದ ಸಣ್ಣ ಯುವಿ ಬಲ್ಬಿಗಿಂತ ಉದ್ದದ ಟಿ5 ಟ್ಯೂಬ್ ಮೇಲು, ಬೆಳಕು ಒಂದೇ ಕಡೆ ಚುಚ್ಚುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಬಿಸಿಲಿಗೆ ಇಟ್ಟರೆ ಸಾಕು ಅನ್ನುವವರಿದ್ದಾರೆ. ಗಾಜು ಯುವಿ-ಬಿಯನ್ನು, ಅಂದರೆ ಮೈಯಲ್ಲಿ ವಿಟಮಿನ್ ಡಿ3 ಆಗಲು ಬೇಕಾದ ಕಿರಣವನ್ನು, ತಡೆಯುತ್ತದೆ, ಅದರಿಂದ ಲಾಭ ಇಲ್ಲ. ಬೆಳಗಿನ ಬಿಸಿಲಲ್ಲಿ ಹೊರಗೆ ಕುಂಡದ ಮೇಲೆ, ಪಕ್ಕದಲ್ಲಿ ನೆರಳಿರುವ ಹಾಗೆ ಅರ್ಧ ಗಂಟೆ ಬಿಟ್ಟು ಎದುರಿಗೇ ಕೂತಿರಿ, ಅದು ಒಳ್ಳೆಯದು.

ಒಂದು ಕಣ್ಣು ಊದಿದಾಗ

ಮೆಡಿಕಲ್ ಶಾಪಿನಲ್ಲಿ ಸಿಗುವ ನಾರ್ಮಲ್ ಸಲೈನ್ ತನ್ನಿ, ಲೇಬಲ್ ಮೇಲೆ 0.9 ಶೇಕಡಾ ಅಂತ ಇರಬೇಕು. ಸೂಜಿ ತೆಗೆದ ಸಿರಿಂಜಿನಲ್ಲಿ ಕಣ್ಣಿನ ಅಂಚಿಗೆ ಐದಾರು ಹನಿ ಬಿಡಿ, ದಿನಕ್ಕೆ ಎರಡು ಸಲ. ರಭಸವಾಗಿ ಚಿಮ್ಮಿಸಬೇಡಿ. ಹತ್ತಿಯಿಂದ ಒರೆಸಬೇಡಿ, ಎಳೆ ಒಳಗೆ ಉಳಿಯುತ್ತದೆ. ಹಿಂಡಲಂತೂ ಹೋಗಲೇಬೇಡಿ. ಹಾವು ಹಲ್ಲಿಗಳ ಜಾತಿಯಲ್ಲಿ ಕೀವು ನೀರಾಗಿ ಹರಿಯುವುದಿಲ್ಲ, ಪನೀರಿನ ಚೂರಿನ ಹಾಗೆ ಗಟ್ಟಿ ಇರುತ್ತದೆ. ಹಿಂಡಿದರೆ ಹೊರಗೆ ಬರುವ ಬದಲು ಕಣ್ಣಿಗೇ ಪೆಟ್ಟು.

ಮನೆಯಲ್ಲಿ ಉಳಿದಿರುವ ಕಣ್ಣಿನ ಡ್ರಾಪ್ಸ್ ಹಾಕುವ ಮೊದಲು ಲೇಬಲ್ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಕಣ್ಣಿನ ಮೇಲೆ ಗಾಯ ಇದ್ದು ಸ್ಟೀರಾಯ್ಡ್ ಬಿದ್ದರೆ ಗಾಯ ಆಳ ಆಗುತ್ತದೆ, ಕಣ್ಣೇ ಹೋಗಬಹುದು. ಎರಡು ದಿನ ತೊಳೆದರೂ ಊತ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ವಿಟಮಿನ್ ಎ: ಎರಡನೇ ಕಾಯಿಲೆ

ಆಗಸ್ಟ್ ತಿಂಗಳು. ಮೂರು ವಾರದಿಂದ ಬಿಡದ ಮಳೆ. ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತಿತ್ತು, ಶಾಖದ ಬಲ್ಬ್ ಅರ್ಧ ದಿನ ಉರಿದರೆ ಹೆಚ್ಚು. ಎಡಗಣ್ಣು ಊದಿತು. ತೊಳೆದೆ, ಸ್ನಾನ ಮಾಡಿಸಿದೆ, ಬೆಳಕು ಆರಿಸಿ ನೋಡಿದೆ, ಯಾವುದಕ್ಕೂ ಜಗ್ಗಲಿಲ್ಲ. ಐದು ದಿನಕ್ಕೆ ಬಲಗಣ್ಣೂ ಊದಲು ಶುರುವಾಯಿತು.

ಆಗ ಹಿಂದಿನದ್ದೆಲ್ಲ ನೆನಪಾಯಿತು. ಒಂದು ತಿಂಗಳಿಂದ ಪೊರೆ ಒಟ್ಟಿಗೆ ಬಿಡುತ್ತಿರಲಿಲ್ಲ, ಕಾಲಿನ ಹತ್ತಿರ, ಕಿರೀಟದ ತುದಿಯಲ್ಲಿ ಚೂರು ಚೂರಾಗಿ ಅಂಟಿಕೊಂಡಿತ್ತು. ಅದಕ್ಕಿಂತ ದೊಡ್ಡ ಸುಳಿವು ನಾಲಿಗೆಯದ್ದು. ಅವನು ಗುರಿ ಇಟ್ಟು ನಾಲಿಗೆ ಬಿಟ್ಟರೆ ಅದು ನೇರ ಹುಳುವಿನ ಬೆನ್ನಿಗೆ ಹೋಗಿ ಬಡಿಯುತ್ತಿತ್ತು, ಆದರೆ ಹುಳು ಅಂಟುತ್ತಿರಲಿಲ್ಲ, ಜಾರಿ ಕೆಳಗೆ ಬೀಳುತ್ತಿತ್ತು. ಎರಡನೇ ಸಲ, ಮೂರನೇ ಸಲವೂ ಹಾಗೇ. ಇಲ್ಲಿ ಮೂರು ವ್ಯತ್ಯಾಸ ಗಮನಿಸಿ. ನಾಲಿಗೆ ಉದ್ದಕ್ಕೆ ಹೊರಗೇ ಬರದಿದ್ದರೆ ಕ್ಯಾಲ್ಸಿಯಂ ಕೊರತೆಯ ಅನುಮಾನ. ನಾಲಿಗೆ ಬಂದು ಗುರಿ ತಪ್ಪಿದರೆ ಕಣ್ಣಿನ ನೋವು. ಗುರಿ ಸರಿ ಇದ್ದು ಅಂಟು ಇಲ್ಲದಿದ್ದರೆ ವಿಟಮಿನ್ ಎ ಕಡೆ ಬೆರಳು ತೋರಿಸುತ್ತದೆ.

ಯಾಕೆಂದರೆ ಕಣ್ಣಿನ ಒಳಪದರ, ಬಾಯಿ, ನಾಲಿಗೆ, ಮೂಗಿನ ದಾರಿ ಇವೆಲ್ಲ ಸದಾ ಒದ್ದೆ ಇರಬೇಕಾದ ಜಾಗಗಳು. ಆ ಪದರದ ಜೀವಕೋಶಗಳು ಮೆತ್ತಗೆ, ಲೋಳೆ ಸುರಿಸುತ್ತಾ ಇರಲು ವಿಟಮಿನ್ ಎ ಬೇಕು. ಅದು ಇಲ್ಲದಿದ್ದರೆ ಅವು ಹೊರಚರ್ಮದ ಹಾಗೆ ಒರಟಾಗಿ ಒಂದರ ಮೇಲೊಂದು ಕೂತು ಗ್ರಂಥಿಯ ಬಾಯಿ ಮುಚ್ಚುತ್ತವೆ. ಕಣ್ಣೀರು ಹರಿಯುವ ದಾರಿ ಕಟ್ಟುತ್ತದೆ, ಕಸ ಒಳಗೇ ಸೇರುತ್ತದೆ, ಆಮೇಲೆ ಸೋಂಕು. ನಾಲಿಗೆಯ ಅಂಟು ಹೋಗುವುದೂ ಇದೇ ಕಾರಣಕ್ಕೆ.

ನಾನು ತಪ್ಪದೆ ತಿಂಗಳಿಗೆ ಎರಡು ಸಲ ಮಲ್ಟಿವಿಟಮಿನ್ ಪುಡಿ ಹಾಕುತ್ತಿದ್ದೆ, ಕ್ಯಾಲೆಂಡರ್‌ನಲ್ಲಿ ಗುರುತೂ ಇತ್ತು. ಹಾಗಾದರೆ ಕೊರತೆ ಹೇಗೆ ಬಂತು? ಡಬ್ಬ ತೆಗೆದು ಚಮಚ ಹಾಕಿದೆ. ಚಮಚ ಇಳಿಯಲಿಲ್ಲ. ಒಳಗೆ ಪುಡಿ ಬೆಲ್ಲದ ಅಚ್ಚಿನ ಹಾಗೆ ಕಟ್ಟಿಕೊಂಡಿತ್ತು. ಅಂಚಿನಲ್ಲಿ ಮೊದಲು ಕೆನೆ ಬಣ್ಣ ಇದ್ದದ್ದು ಕಂದು ತಿರುಗಿತ್ತು, ಮೂಸಿದರೆ ಮುಗ್ಗಲು ವಾಸನೆ. ಮೇಲಿನ ಪದರ ಕೆರೆದು ಹುಳುಗಳಿಗೆ ಸವರುತ್ತಿದ್ದೆ ಅಷ್ಟೆ. ಆ ಡಬ್ಬ ತೆರೆದು ಹದಿನಾಲ್ಕು ತಿಂಗಳಾಗಿತ್ತು. ಇಟ್ಟಿದ್ದದ್ದು ಗೂಡಿನ ಪಕ್ಕದ ಹಲಗೆಯ ಮೇಲೆ, ಶಾಖದ ಬಲ್ಬಿನ ಹತ್ತಿರ, ನೀರು ಸಿಂಪಡಿಸುವ ಬಾಟಲಿಯ ಜೊತೆ. ವಿಟಮಿನ್ ಎ ಕೆಡಲು ಬೇಕಾದದ್ದು ಬಿಸಿ, ಬೆಳಕು, ಗಾಳಿ, ತೇವ. ನಾಲ್ಕನ್ನೂ ನಾನೇ ಒದಗಿಸಿದ್ದೆ. ಲೇಬಲ್ ಮೇಲಿನ ಕೊನೆಯ ದಿನಾಂಕ ಇನ್ನೂ ಮುಗಿದಿರಲಿಲ್ಲ, ಆದರೆ ಆ ದಿನಾಂಕ ಮುಚ್ಚಿದ ಡಬ್ಬಕ್ಕೆ. ನಮ್ಮ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಈ ಪುಡಿ ಉಳಿಯುತ್ತದಾ?

ಡಬ್ಬದ ಹಿಂದಿನ ಪಟ್ಟಿಯನ್ನೂ ಓದಬೇಕು. ಕೆಲವು ಪುಡಿಗಳಲ್ಲಿ ಬೀಟಾ ಕ್ಯಾರೋಟಿನ್ ಮಾತ್ರ ಇರುತ್ತದೆ. ಕ್ಯಾರೆಟ್ಟಿನಲ್ಲಿ ಇರುವುದೂ ಅದೇ. ನಮ್ಮ ದೇಹ ಅದನ್ನು ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುತ್ತದೆ. ಹುಳು ತಿನ್ನುವ ಗೋಸುಂಬೆ ಅದನ್ನು ಸಾಕಷ್ಟು ಮಾಡಿಕೊಳ್ಳುತ್ತದೆ ಅಂತ ನಂಬಿ ಕೂರಬಾರದು. ರೆಟಿನಾಲ್, ರೆಟಿನಿಲ್ ಅಸಿಟೇಟ್, ರೆಟಿನಿಲ್ ಪಾಲ್ಮಿಟೇಟ್ ಇವು ಸಿದ್ಧ ರೂಪದ ವಿಟಮಿನ್ ಎ, ಈ ಮೂರರಲ್ಲಿ ಒಂದು ಹೆಸರು ಪಟ್ಟಿಯಲ್ಲಿ ಇರಲಿ. ಸಾಕಿದ ಕ್ರಿಕೆಟ್ ಹುಳುವಿನಲ್ಲಿ ರೆಟಿನಾಲ್ ಇಲ್ಲವೆಂದೇ ಹೇಳಬೇಕು.

ಆ ಎರಡು ಹನಿಯ ಲೆಕ್ಕ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಮಕ್ಕಳಿಗೆ ಅಂಗನವಾಡಿಯಲ್ಲಿ ಹಾಕುವ ವಿಟಮಿನ್ ಎ ದ್ರಾವಣದಲ್ಲಿ ಒಂದು ಮಿಲಿಗೆ 1,00,000 ಯೂನಿಟ್ ಇರುತ್ತದೆ. ಒಂದು ಮಿಲಿಗೆ ಇಪ್ಪತ್ತು ಹನಿ ಅಂತ ಹಿಡಿದರೂ ಒಂದು ಹನಿಗೆ 5,000 ಯೂನಿಟ್. ಡಾಕ್ಟರು ಸರೀಸೃಪಗಳಿಗೆ ಬಾಯಿಂದ ಕೊಡುವಾಗ ಒಂದು ಕಿಲೋ ತೂಕಕ್ಕೆ 2,000 ಯೂನಿಟ್ ಆಸುಪಾಸಿನಲ್ಲಿ ಲೆಕ್ಕ ಹಾಕುತ್ತಾರೆ. ಚಿಗುರನ ತೂಕ ನೂರಿಪ್ಪತ್ತು ಗ್ರಾಂ, ಅಂದರೆ 240 ಯೂನಿಟ್. ಒಂದೇ ಹನಿ ಹಾಕಿದ್ದರೂ ಇಪ್ಪತ್ತು ಪಟ್ಟು ಜಾಸ್ತಿ, ಎರಡು ಹನಿ ಅಂದರೆ ನಲವತ್ತು ಪಟ್ಟು. ವಿಟಮಿನ್ ಎ ಕೊಬ್ಬಿನಲ್ಲಿ ಕರಗುವಂಥದ್ದು, ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲ, ಪಿತ್ತಜನಕಾಂಗದಲ್ಲಿ ಕೂಡಿಕೊಳ್ಳುತ್ತದೆ. ಆಮೇಲೆ ಚರ್ಮ ಸುಲಿಯುತ್ತದೆ, ಗಂಟಲಿನ ಕೆಳಗೆ ನೀರು ತುಂಬಿ ಊದುತ್ತದೆ, ಕ್ಯಾಲ್ಸಿಯಂ ಮೈಗೆ ಹಿಡಿಸುವ ವಿಟಮಿನ್ ಡಿ3ಯ ಕೆಲಸಕ್ಕೂ ಅಡ್ಡ ಬಂದು ಮೂಳೆ ಮೆತ್ತಗಾಗುತ್ತದೆ. ಮೀನೆಣ್ಣೆ ಮಾತ್ರೆ ಒಡೆದು ಹಾಕುವುದೂ ಬೇಡ, ಅದರಲ್ಲಿ ಎಷ್ಟಿದೆ, ನಿಮ್ಮ ಪ್ರಾಣಿಗೆ ಎಷ್ಟು ಹೋಯಿತು ಅಂತ ಅಳೆಯಲು ಆಗುವುದಿಲ್ಲ.

ನಮ್ಮೂರಲ್ಲಿ ದನ, ನಾಯಿ ನೋಡುವವರೇ ಜಾಸ್ತಿ, ಗೋಸುಂಬೆ ನೋಡಿ ಅನುಭವ ಇರುವವರು ಕಮ್ಮಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೇಲೂರು ದಾರಿಯಲ್ಲಿ ಹೋದರೆ ಅರವತ್ತು ಕಿಲೋಮೀಟರಿನ ಹತ್ತಿರ. ಎಲ್ಲಿಗೆ ಹೋಗುವುದಾದರೂ ಸರೀಸೃಪ ನೋಡುವವರು ಇದ್ದಾರಾ ಅಂತ ಮೊದಲು ಫೋನ್ ಮಾಡಿ ಕೇಳಿ. ಹೋಗುವಾಗ ಗೂಡಿನ ಫೋಟೋ, ಟ್ಯೂಬಿನ ಪೆಟ್ಟಿಗೆ, ಪುಡಿಯ ಡಬ್ಬ, ಹೊಸ ಹಿಕ್ಕೆ, ಪ್ರಾಣಿಯ ತೂಕ ಬರೆದ ಚೀಟಿ ಜೊತೆಗಿರಲಿ. ಚಿಗುರನನ್ನು ನೋಡಿದ ಡಾಕ್ಟರು ಪುಡಿಯ ಡಬ್ಬ ನೋಡಿದ ಮೇಲೆಯೇ ಅನುಮಾನ ಗಟ್ಟಿ ಮಾಡಿಕೊಂಡರು. ಇಷ್ಟು ಸಣ್ಣ ಪ್ರಾಣಿಗೆ ರಕ್ತ ಪರೀಕ್ಷೆಯಿಂದ ಹೇಳುವುದು ಕಷ್ಟ, ಲಕ್ಷಣ, ಊಟದ ಪದ್ಧತಿ, ಔಷಧಕ್ಕೆ ಹೇಗೆ ಸ್ಪಂದಿಸುತ್ತದೆ ಅನ್ನುವುದು ಮೂರನ್ನೂ ಸೇರಿಸಿ ನೋಡಬೇಕು ಅಂದರು. ಕಣ್ಣು ತೊಳೆದಾಗ ಎಡಗಣ್ಣಿಂದ ಬೆಂದ ಅನ್ನದ ನುಚ್ಚಿನಷ್ಟು ಬಿಳಿ ಗಟ್ಟಿ ಚೂರು ಹೊರಗೆ ಬಂತು. ಆಮೇಲೆ ಸ್ಟೀರಾಯ್ಡ್ ಇಲ್ಲದ ಆಂಟಿಬಯೋಟಿಕ್ ಡ್ರಾಪ್ಸ್, ಅಳೆದು ತೆಳು ಮಾಡಿದ ವಿಟಮಿನ್ ಎ ಬಾಯಿಗೆ.

ಈಗ ನಾನು ಮಾಡುವುದು

ಡಿ3 ಇಲ್ಲದ ಸಾದಾ ಕ್ಯಾಲ್ಸಿಯಂ ಪ್ರತಿ ಊಟಕ್ಕೂ, ಹುಳುವಿನ ಮೇಲೆ ತೆಳುವಾಗಿ. ರೆಟಿನಾಲ್ ಮತ್ತು ಡಿ3 ಎರಡೂ ಇರುವ ಮಲ್ಟಿವಿಟಮಿನ್ ತಿಂಗಳಿಗೆ ಎರಡು ಸಲ, 1ನೇ ತಾರೀಖು ಮತ್ತು 15ನೇ ತಾರೀಖು. ನಿಮ್ಮ ಪುಡಿಯಲ್ಲಿ ಡಿ3 ಇಲ್ಲದಿದ್ದರೆ, ಡಿ3 ಇರುವ ಕ್ಯಾಲ್ಸಿಯಂ ಅನ್ನು ಮಧ್ಯದ ವಾರಗಳಲ್ಲಿ ಎರಡು ಸಲ ಸೇರಿಸಿ. ಎರಡರಲ್ಲೂ ಇದ್ದರೆ ದುಪ್ಪಟ್ಟು ಆಗುತ್ತದೆ, ಒಂದನ್ನು ಬಿಡಿ. ಡಬ್ಬ ತೆರೆದ ದಿನವೇ ಮುಚ್ಚಳದ ಮೇಲೆ ತಾರೀಖು ಬರೆಯುತ್ತೇನೆ, ಆರು ತಿಂಗಳಾದರೆ ಎಸೆಯುತ್ತೇನೆ. ಒಂದು ತಿಂಗಳಿಗೆ ಬೇಕಾದಷ್ಟು ಸಣ್ಣ ಡಬ್ಬಿಗೆ ತೆಗೆದು, ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಕತ್ತಲೆ ಕಪಾಟಿನಲ್ಲಿ ಇಡುತ್ತೇನೆ.

ಪುಡಿಯೊಂದನ್ನೇ ನಂಬಬೇಡಿ, ಹುಳುವಿಗೂ ಹೊಟ್ಟೆ ತುಂಬಿಸಬೇಕು. ಕ್ರಿಕೆಟ್ ಹುಳುಗಳಿಗೆ ಕೊಡುವ ಹಿಂದಿನ ದಿನ ನುಗ್ಗೆಸೊಪ್ಪು, ಗೆಣಸು, ಕ್ಯಾರೆಟ್, ದಾಸವಾಳದ ಎಲೆ ಹಾಕುತ್ತೇನೆ. ರೇಷ್ಮೆ ಹುಳು ಒಳ್ಳೆಯ ಆಹಾರ, ಮೆತ್ತಗಿದೆ, ನೀರಿನ ಅಂಶವೂ ಇದೆ. ಆದರೆ ಸಾಕುವವರು ತಟ್ಟೆಯ ಹುಳುಗಳ ಮೇಲೆ ಸುಣ್ಣ, ಸೋಂಕು ನಿವಾರಕ ಪುಡಿ ಉದುರಿಸುತ್ತಾರೆ. ಪುಡಿ ಹಾಕದ ಹುಳು ಕೇಳಿ ತನ್ನಿ, ಆ ಪುಡಿ ಕಣ್ಣಿಗೆ ಬಿದ್ದರೆ ಅದೇ ಹೊಸ ಕಾಯಿಲೆ. ಔಷಧಿ ಹೊಡೆದ ಕಾಫಿ ತೋಟದಿಂದ ಮಿಡತೆ ಹಿಡಿದು ಹಾಕಬೇಡಿ.

ಕಾಯಬಾರದ ಸಂದರ್ಭ

ಎರಡೂ ಕಣ್ಣು ಇಡೀ ದಿನ ಮುಚ್ಚಿ, ಹಿಡಿತ ಸಡಿಲವಾಗಿ ಗೂಡಿನ ತಳಕ್ಕೆ ಇಳಿದು ಕೂತರೆ ಅವತ್ತೇ ಹೊರಡಿ. ಬಾಯಿ ತೆರೆದು, ಕತ್ತು ಮೇಲೆತ್ತಿ ಉಸಿರಾಡುತ್ತಿದ್ದರೂ ಅಷ್ಟೆ. ಹೆಣ್ಣು ಸಾಕಿದವರು ಇನ್ನೊಂದು ನೆನಪಿಡಿ: ಗಂಡಿನ ಜೊತೆ ಬಿಡದಿದ್ದರೂ ಅದು ಮೊಟ್ಟೆ ಇಡುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡಾಗಲೂ ಕಣ್ಣು ಮುಚ್ಚಿಕೊಳ್ಳಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಹತ್ತನೇ ಒಂದು ಭಾಗ ತೂಕ ಇಳಿದರೆ ಕಣ್ಣು ಚೆನ್ನಾಗಿದ್ದರೂ ತೋರಿಸಿ.

ವಿಟಮಿನ್ ಕೊರತೆಯಿಂದ ಆದದ್ದು ಬೇಗ ವಾಸಿ ಆಗುವುದಿಲ್ಲ. ಚಿಗುರನ ಬಲಗಣ್ಣು ಹತ್ತು ದಿನಕ್ಕೆ ತೆರೆಯಿತು, ಎಡಗಣ್ಣಿಗೆ ಮೂರು ವಾರ ಬೇಕಾಯಿತು. ಅಲ್ಲಿಯ ತನಕ ಹುಳುವನ್ನು ಚಿಮಟದಲ್ಲಿ ಹಿಡಿದು ತುಟಿಗೆ ಮೆಲ್ಲಗೆ ತಾಗಿಸಿ, ಅವನು ಬಾಯಿ ತೆರೆದಾಗ ಇಡುತ್ತಿದ್ದೆ. ಐದನೇ ವಾರ ನಾಲಿಗೆ ಅಂಟಲು ಶುರುವಾಯಿತು, ಕ್ರಿಕೆಟ್ ಜಾರದೆ ಬಾಯಿಗೆ ಬಂತು. ಅವತ್ತು ಖುಷಿಗೆ ಇನ್ನೊಂದು ವಾರ ಔಷಧಿ ಮುಂದುವರಿಸೋಣ ಅನ್ನಿಸಿತ್ತು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಬೇಡ, ಇನ್ನು ಪುಡಿಯೇ ಸಾಕು, ಬಾಟಲಿ ಎತ್ತಿಡಿ ಅಂದರು. ಎತ್ತಿಟ್ಟೆ.